ಮೊದಲು ಬಾನೆಟ್ ಮುಟ್ಟಿ ನೋಡಿ

‘ನೀ ಮೆಕ್ಯಾನಿಕಲ್ ಓದಾಕತ್ತೀಯಲ್ಲ, ಬಾ, ಒಂದ್ ಗಾಡಿ ನೋಡೂದೈತಿ’ ಎಂದು ದೊಡ್ಡಪ್ಪನ ಮಗ ಫೋನ್ ಮಾಡಿದಾಗ ನನಗೆ ಒಳಗೊಳಗೇ ಹೆಮ್ಮೆ. ಹಳಿಯಾಳದಲ್ಲಿ ಬಿ.ಇ. ಮೂರನೇ ವರ್ಷದಲ್ಲಿದ್ದೇನೆ. ಆಟೊ ಸೈಕಲ್‌ನ ಪಿ-ವಿ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ನಿಜ ಹೇಳಬೇಕೆಂದರೆ, ಅವತ್ತಿನವರೆಗೆ ಒಂದು ಕಾರಿನ ಬಾನೆಟನ್ನು ನನ್ನ ಕೈಯಾರೆ ಎತ್ತಿರಲಿಲ್ಲ. ಅದನ್ನು ಅಣ್ಣನಿಗೆ ಹೇಳಲಿಲ್ಲ. ‘ಹೂಂ, ಬರ್ತೀನಿ’ ಅಂದುಬಿಟ್ಟೆ.

ಅಣ್ಣ ದಾಂಡೇಲಿಯಲ್ಲಿ ರಾಫ್ಟಿಂಗ್ ಗೈಡ್. ಕಾಳಿ ನದಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹುಟ್ಟು ಹಾಕುವ ಕೆಲಸ. ಮಳೆಗಾಲ ಬಂದರೆ ಕೆಲಸ ನಿಲ್ಲುತ್ತದೆ, ಸಂಬಳವೂ ನಿಲ್ಲುತ್ತದೆ. ಹಾಗೆ ಮೂರು ವರ್ಷ ಕೂಡಿಟ್ಟ 1.80 ಲಕ್ಷ ರೂಪಾಯಿ ಅವನ ಹತ್ತಿರ ಇತ್ತು. ಜೋಯಿಡಾ ತಾಲ್ಲೂಕಿನ ರಾಮನಗರದಲ್ಲಿ ಒಬ್ಬನ ಬಳಿ 2008ರ ಮಾಡೆಲ್‌ನ ಕೆಂಪು ಪೆಟ್ರೋಲ್ ಕಾರು ಮಾರಾಟಕ್ಕಿತ್ತು. ಗೋವಾ ನೋಂದಣಿ. ನೆಲಕ್ಕೆ ತಾಗುವಷ್ಟು ಇಳಿಸಿದ ಸ್ಪ್ರಿಂಗ್, ದೊಡ್ಡ ಅಲಾಯ್ ಚಕ್ರ, ಊರಿಗೆಲ್ಲ ಕೇಳುವ ಸೈಲೆನ್ಸರ್. ಅವನು ಹೇಳಿದ ಬೆಲೆ 1.75 ಲಕ್ಷ.

ನಾವು ಹೋದದ್ದು ಸಂಜೆ ಆರಕ್ಕೆ. ಕಾರನ್ನು ಆಗಷ್ಟೇ ತೊಳೆದಿದ್ದರು. ಮಾರುವವನು ಎಂಜಿನ್ ಚಾಲೂ ಮಾಡಿ ಎರಡು ಸಲ ಆಕ್ಸಿಲರೇಟರ್ ಒತ್ತಿದ. ಆ ಸದ್ದಿಗೆ ಅಣ್ಣನ ಮುಖ ಅರಳಿತು. ನಾನು ಸುತ್ತ ಒಂದು ಸುತ್ತು ಹಾಕಿ, ದೊಡ್ಡವರು ಮಾಡುವ ಹಾಗೆ ಟೈರಿಗೆ ಕಾಲಿನಿಂದ ಒದ್ದು, ‘ಚೆನ್ನಾಗಿದೆ’ ಅಂದೆ. ನನ್ನ ಆ ಒಂದು ಮಾತಿನ ಮೇಲೆ ಅಣ್ಣ ಅಲ್ಲೇ ಫೋನಿನಿಂದ 5,000 ರೂಪಾಯಿ ಮುಂಗಡ ಕಳಿಸಿದ.

ಈ ಲೇಖನ ಬರೆಯುತ್ತಿರುವುದು ಆ ‘ಚೆನ್ನಾಗಿದೆ’ಯ ಬಗ್ಗೆ. ಹಳೆ ಕಾರು ಕೊಳ್ಳುವಾಗ ನಮ್ಮ ವಯಸ್ಸಿನವರು ಮೋಸ ಹೋಗುವುದಕ್ಕೆ ತಿಳಿವಳಿಕೆ ಕಡಿಮೆ ಇರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸಂಕೋಚ. ಬಗ್ಗಿ ನೋಡಿದರೆ ಏನಂದುಕೊಳ್ಳುತ್ತಾರೋ, ಕಾಗದ ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೋ, ‘ನನಗೆ ಗೊತ್ತಿಲ್ಲ’ ಅಂದರೆ ಮರ್ಯಾದೆ ಹೋಗುತ್ತದೋ ಅನ್ನುವ ಸಂಕೋಚ. ಮಾರುವವನಿಗೆ ನಮ್ಮ ಈ ದೌರ್ಬಲ್ಯ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ಕಡೆ ‘ಸ್ಪೋರ್ಟ್ಸ್ ಕಾರು’ ಅಂದರೆ ಫೆರಾರಿ ಅಲ್ಲ. ಎರಡೇ ಸೀಟಿನ, ಫೈಬರ್ ಗ್ಲಾಸ್ ಮೈಯ ‘ಸ್ಟಾರ್ಮ್’ ಎಂಬ ಕಾರನ್ನು ಸ್ಯಾನ್ ಮೋಟರ್ಸ್ ಎಂಬ ನಮ್ಮದೇ ದೇಶದ ಕಂಪನಿ ತಯಾರಿಸಿತ್ತು, ಆದರೆ ಅದನ್ನು ರಸ್ತೆಯಲ್ಲಿ ಕಂಡವರು ಕಡಿಮೆ. ಹುಡುಗರ ಬಾಯಲ್ಲಿ ಇರುವುದು ಹಳೆಯ ಹೋಂಡಾ ಸಿಟಿ ವಿಟೆಕ್, ಫಿಯೆಟ್ ಪಾಲಿಯೊ 1.6 ಥರದ ವೇಗದ ಕಾರುಗಳು. ಮಾರುತಿ 800ರ ಶಕ್ತಿ 37 ಅಶ್ವಶಕ್ತಿಯ ಆಸುಪಾಸಿನಲ್ಲಿದ್ದ ಕಾಲದಲ್ಲಿ ಸಿಟಿ ವಿಟೆಕ್ 106 ಅಶ್ವಶಕ್ತಿ ಕೊಡುತ್ತಿತ್ತು. ಇಂಥ ಕಾರುಗಳ ಮೇಲಿನ ಪ್ರೀತಿ ತಪ್ಪೇನಲ್ಲ. ಆದರೆ ಒಂದು ನೆನಪಿರಲಿ: ವೇಗದ ಕಾರನ್ನು ಯಾರೂ ಮೆಲ್ಲಗೆ ಓಡಿಸಲು ಕೊಂಡಿರುವುದಿಲ್ಲ. ನಮ್ಮ ಕೈಗೆ ಬರುವ ಹೊತ್ತಿಗೆ ಅದು ಮೂರು ನಾಲ್ಕು ಹುಡುಗರ ಕೈ ದಾಟಿರುತ್ತದೆ.

ಮುಂಗಡ ಕೊಟ್ಟ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಅಣ್ಣನಿಗೆ ಫೋನ್ ಮಾಡಿ, ‘ಅಣ್ಣಾ, ನನಗೇನೂ ಗೊತ್ತಾಗಲಿಲ್ಲ. ಗೊತ್ತಿದ್ದವರನ್ನ ಕರಕೊಂಡು ಹೋಗೋಣ’ ಅಂದೆ. ಅವನು ಬೇಸರ ಮಾಡಿಕೊಂಡರೂ ಒಪ್ಪಿದ. ಹಳಿಯಾಳದಲ್ಲಿ ನಮ್ಮ ಅಪ್ಪನ ಸ್ಕೂಟರ್ ರಿಪೇರಿಗೆ ಹೋಗುವ ಬೀದಿಯಲ್ಲೇ ಕಾರು ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಕಾಕಾ ಇದ್ದಾರೆ. ಅರ್ಧ ದಿನದ ಕೂಲಿ ಮತ್ತು ಚಹಾ ತಿಂಡಿ ಸೇರಿ 800 ರೂಪಾಯಿಗೆ ಬಂದರು. ಅವರ ಮೊದಲ ಷರತ್ತು: ‘ಬರ್ತೀವಿ ಅಂತ ಹೇಳಬ್ಯಾಡ್ರಿ. ಮುಂಜಾನೆ ಏಳಕ್ಕ ಹೋಗೂಣು.’

ಯಾಕೆ ಅಂತ ಅಲ್ಲಿ ಹೋದ ಮೇಲೆ ತಿಳಿಯಿತು. ಕಾಕಾ ಕಾರಿನ ಬಣ್ಣ ನೋಡಲೇ ಇಲ್ಲ. ಸೀದಾ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟರು. ‘ಥಂಡ್ ಐತಿ. ಈಗ ಚಾಲೂ ಮಾಡ್ರಿ’ ಅಂದರು. ಬಿಸಿಯಾದ ಎಂಜಿನ್ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ, ತಣ್ಣಗಿರುವ ಎಂಜಿನ್ ಮುಚ್ಚಿಡುವುದಿಲ್ಲ. ಚಾಲೂ ಆದ ಕೂಡಲೇ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತು. ನೀಲಿ ಹೊಗೆ ಅಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ನೀರು ಒಳಗೆ ಸೇರುತ್ತಿರಬಹುದು. ಇದೆಲ್ಲ ನನ್ನ ಪುಸ್ತಕದಲ್ಲೂ ಇತ್ತು. ಹಿಂದಿನ ಸಂಜೆ ಬಿಸಿ ಎಂಜಿನ್ ಮುಂದೆ ನಿಂತಾಗ ಒಂದೂ ನೆನಪಾಗಿರಲಿಲ್ಲ.

ಆಮೇಲೆ ಕಾಕಾ ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಗೆ ಹಚ್ಚುತ್ತಾ ಹೋದರು. ಎಲ್ಲ ಕಡೆ ಅಂಟಿತು, ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಮಾತ್ರ ಜಾರಿ ಬಿತ್ತು. ಅಲ್ಲಿ ತಗಡಿನ ಮೇಲೆ ದಪ್ಪಗೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು. ಕಡಲ ತೀರದ ಉಪ್ಪು ಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ತಗಡು ಕೆಳಗಿನಿಂದ ತಿಂದು ಹೋಗುತ್ತದೆ. ಗೋವಾ, ಕಾರವಾರದ ಕಡೆಯಿಂದ ಘಟ್ಟ ಹತ್ತಿ ಬರುವ ಹಳೆ ಗಾಡಿಗಳಲ್ಲಿ ಇದನ್ನು ನೋಡಲೇಬೇಕು. ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ – ಈ ಮೂರು ಜಾಗಕ್ಕೆ ಟಾರ್ಚ್ ಹಾಕಿ. ಎಂಜಿನ್ ರಿಪೇರಿ ಆಗುತ್ತದೆ, ಬೇರೆಯದನ್ನು ಕೂರಿಸಲೂಬಹುದು. ತುಕ್ಕು ಹಿಡಿದ ಚಾಸಿಗೆ ಮಾತ್ರ ಔಷಧವಿಲ್ಲ.

ಕಾಕಾ ಕೊನೆಗೆ ಮಾಡಿದ ಕೆಲಸ ನನಗೆ ವಿಚಿತ್ರ ಅನ್ನಿಸಿತು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದರು. ಬೆಲ್ಟಿನ ತುದಿಯ ಒಂದು ಮೊಳ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ‘ನೀರಾಗ ಮುಳುಗಿದ ಗಾಡಿ’ ಅಂದರು. ಸೀಟಿನ ಬಟ್ಟೆ ಬದಲಿಸುತ್ತಾರೆ, ಕಾರ್ಪೆಟ್ ಹೊಸದು ಹಾಕುತ್ತಾರೆ, ಒಳಗೆ ಸುತ್ತಿಕೊಂಡ ಬೆಲ್ಟನ್ನು ತೊಳೆಯುವುದು ಮರೆಯುತ್ತಾರೆ. 2019ರ ಆಗಸ್ಟ್ ನೆರೆಯನ್ನು ಉತ್ತರ ಕನ್ನಡ, ಬೆಳಗಾವಿಯ ನಾವು ಕಣ್ಣಾರೆ ಕಂಡವರು. ಅಂಥ ನೀರಿನಲ್ಲಿ ನಿಂತ ಗಾಡಿಗಳು ಎಲ್ಲಿ ಹೋದವು ಎಂದು ನಾನು ಯೋಚಿಸಿರಲೇ ಇಲ್ಲ.

ಓಡಿಸಿ ನೋಡುವುದಕ್ಕೂ ಒಂದು ಕ್ರಮವಿದೆ. ಮಾರುವವನು ತೋರಿಸಿದ ನುಣುಪು ರಸ್ತೆ ಬಿಟ್ಟು ಜೋಯಿಡಾ ಕಡೆಯ ಏರು ರಸ್ತೆಗೆ ಹೋದೆವು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ವೇಗ ಮಾತ್ರ ಏರಲಿಲ್ಲ. ಕ್ಲಚ್ ಪ್ಲೇಟ್ ಮುಗಿದಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಚಲಿಸಿದಾಗ ಮುಂದಿನ ಚಕ್ರದಿಂದ ‘ಟಕ್ ಟಕ್’ ಸದ್ದು ಬಂತು. ಅದು ಆಕ್ಸಲ್ ಜಾಯಿಂಟ್ ಸವೆತ. ಮೀಟರ್ 62,000 ಕಿ.ಮೀ. ತೋರಿಸುತ್ತಿತ್ತು. ಆದರೆ ಬ್ರೇಕ್ ಪೆಡಲಿನ ರಬ್ಬರ್ ನಯವಾಗಿ ಸವೆದು ಕಬ್ಬಿಣ ಇಣುಕುತ್ತಿತ್ತು. ಮೀಟರ್ ಅನ್ನು ಹಿಂದಕ್ಕೆ ತಿರುಗಿಸಬಹುದು, ಪೆಡಲ್ ಸವೆತವನ್ನು ಹಾಗೆ ತಿರುಗಿಸಲಾಗದು.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದೀರಿ ಎಂದು ನಾನೇ ಕೇಳಿದೆ. ರಬ್ಬರ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಇದು ಮುಖ್ಯ ಪ್ರಶ್ನೆ. ಹಲವು ಎಂಜಿನ್‌ಗಳಲ್ಲಿ ಆ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಅವನ ಬಳಿ ಬಿಲ್ ಇರಲಿಲ್ಲ. ‘ಹೋದ ವರ್ಷ ಹಾಕ್ಸೇನಿ’ ಅಂದ. ಬಿಲ್ ಇಲ್ಲದ ಕೆಲಸವನ್ನು ಆಗಿಲ್ಲವೆಂದೇ ಲೆಕ್ಕ ಹಿಡಿಯಿರಿ.

ಇಷ್ಟೆಲ್ಲ ಆದ ಮೇಲೆ ಕಾಗದ ಕೇಳಿದೆವು. ಆರ್‌.ಸಿ. ಅವನ ಹೆಸರಿನಲ್ಲೇ ಇರಲಿಲ್ಲ. ಹಿಂದಿನ ಮಾಲೀಕ ಸಹಿ ಮಾಡಿದ್ದ ಖಾಲಿ ಫಾರಂ 29 ಮತ್ತು 30 ತೋರಿಸಿದ. ಗೋವಾ ಆರ್‌.ಟಿ.ಒ. ಕೊಡಬೇಕಾದ ನಿರಾಕ್ಷೇಪಣಾ ಪತ್ರ ‘ಆಮ್ಯಾಲೆ ತರಿಸಿ ಕೊಡ್ತೀನಿ’ ಅಂದ. ‘ಓಪನ್ ಪೇಪರ್’ ಎಂದು ಕರೆಯುವ ಈ ವ್ಯವಹಾರ ನಮ್ಮಲ್ಲಿ ಎಷ್ಟು ಮಾಮೂಲಿ ಆಗಿದೆಯೆಂದರೆ ಇದು ತಪ್ಪು ಅಂತಲೇ ಯಾರಿಗೂ ಅನ್ನಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ, ಅದೇ ರಾಜ್ಯದೊಳಗೆ ಮಾರಿದರೆ ಮಾರಿದವನು 14 ದಿನದೊಳಗೆ ಆರ್‌.ಟಿ.ಒ.ಗೆ ತಿಳಿಸಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿನ ಪ್ರಕಾರ, ಗಾಡಿ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆಯೂ ಅವನದೇ. ಹಾಗಾಗಿ ಹಳೆ ಬೈಕ್ ಮಾರಿ ಮರೆತಿರುವ ಗೆಳೆಯರೂ ಒಮ್ಮೆ ಎದೆ ಮುಟ್ಟಿ ನೋಡಿಕೊಳ್ಳಬೇಕು.

ಹೊರರಾಜ್ಯದ ಕಾರಾದರೆ ಖರ್ಚು ಬೆಲೆಗೇ ಮುಗಿಯುವುದಿಲ್ಲ. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಮರು ನೋಂದಣಿ ಮಾಡಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಆಗ ದಾಂಡೇಲಿಯ ಕೆಎ-65 ಸಂಖ್ಯೆ ಸಿಗುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಗಾಡಿ ಯೋಗ್ಯವಾಗಿದ್ದರೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2008ರ ಆ ಕಾರಿನ ನವೀಕರಣ ಆಗಿರಲೇ ಇಲ್ಲ. ಇದನ್ನು ತಿಳಿಯಲು ನಾವು ಮಾಡಬೇಕಿದ್ದದ್ದು ಇಷ್ಟೇ: ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ಸಂಖ್ಯೆ ಹಾಕಿ ಎರಡು ನಿಮಿಷ ನೋಡುವುದು. ಮುಂಗಡ ಕಳಿಸಿದ ಅದೇ ಫೋನಿನಲ್ಲಿ ಅದನ್ನೂ ನೋಡಬಹುದಿತ್ತು!

ಅಣ್ಣನಿಗೆ ಇಷ್ಟವಾಗಿದ್ದ ಆ ಸೈಲೆನ್ಸರ್, ಇಳಿಸಿದ ಸ್ಪ್ರಿಂಗ್ ಕೂಡ ಹೊರೆಯೇ. ಕಂಪನಿ ಕೊಟ್ಟ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂದು 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹಿಡಿದಿದೆ. ದಂಡ ಕಟ್ಟುವವರು ಓಡಿಸುವ ನಾವು.

ಕಾಕಾ ಅಲ್ಲೇ ನನ್ನ ನೋಟ್‌ಬುಕ್ ಇಸಿದುಕೊಂಡು ಲೆಕ್ಕ ಬರೆದರು. ಕ್ಲಚ್, ಬೆಲ್ಟ್, ಆಕ್ಸಲ್, ತಗಡಿನ ಕೆಲಸ, ಎಂಜಿನ್ ರಿಂಗ್, ಕಾಗದದ ಖರ್ಚು. ಮೊತ್ತ 90,000 ದಾಟಿತು. ಅಣ್ಣ ಮಾತಾಡಲಿಲ್ಲ. ಮುಂಗಡ ವಾಪಸ್ ಕೇಳಿದರೆ ಅವನು ಕೊಡಲಿಲ್ಲ. ಐದು ಸಾವಿರ ಹೋಯಿತು. ಅದು ಅಣ್ಣನ ಹಣವಾದರೂ ಕಳೆದದ್ದು ನನ್ನ ‘ಚೆನ್ನಾಗಿದೆ’.

ಹಾಗಂತ ಹಳೆ ಕಾರು ಕೊಳ್ಳಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಮೊದಲ ಸಂಬಳದಲ್ಲಿ ಹೊಸ ಕಾರಿನ ಕಂತು ಹೊತ್ತು ಐದು ವರ್ಷ ಬಾಗುವುದಕ್ಕಿಂತ ಒಳ್ಳೆಯ ಹಳೆ ಕಾರು ಎಷ್ಟೋ ಮೇಲು. ಕಳೆದ ಡಿಸೆಂಬರ್‌ನಲ್ಲಿ ಮುಂಡಗೋಡದ ಗೆಳತಿಯ ಮನೆಗೆ ಹೋದಾಗ ಅವರ ಪಕ್ಕದ ಮನೆಯ ನಿವೃತ್ತ ಮಾಸ್ತರರ ಕಾರು ನೋಡಿದೆ. 2006ರದ್ದು, 1,38,000 ಕಿ.ಮೀ. ಓಡಿದೆ, ಬಣ್ಣ ಮಾಸಿದೆ, ಬಾಗಿಲಿಗೆ ಗೀರಿದೆ. ಆದರೆ ಮೊದಲ ದಿನದಿಂದ ಪ್ರತಿ ಸರ್ವಿಸ್‌ನ ಬಿಲ್ಲನ್ನು ಮಾಸ್ತರರು ಒಂದು ಫೈಲಿನಲ್ಲಿ ಪೋಣಿಸಿಟ್ಟಿದ್ದಾರೆ. ಬೆಲ್ಟ್ ಬದಲಿಸಿದ ದಿನಾಂಕ ಕೇಳಿದರೆ ಕಿ.ಮೀ. ಸಮೇತ ಹೇಳಿದರು. ಅವರು 95,000ಕ್ಕೆ ಮಾರಲು ತಯಾರಿದ್ದರು. ಅಣ್ಣನಿಗೆ ಫೋಟೊ ಕಳಿಸಿದರೆ, ‘ಇದಕ್ಕ ಸೌಂಡೇ ಇಲ್ಲಲ್ಲ’ ಅಂದ. ನಾನೂ ನಕ್ಕೆ. ಆದರೆ ನಾವು ಕೊಳ್ಳುವುದು ಕಾರನ್ನಷ್ಟೇ ಅಲ್ಲ, ಅದನ್ನು ಹಿಂದೆ ಇಟ್ಟುಕೊಂಡವರ ಅಭ್ಯಾಸವನ್ನೂ ಕೊಳ್ಳುತ್ತೇವೆ ಎಂಬುದು ಆ ಫೈಲ್ ನೋಡಿದಾಗ ನನಗೆ ಹೊಳೆಯಿತು.

ನನ್ನಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಮಾತು. ಮನೆಯವರು, ನೆಂಟರು ‘ನೀನು ಓದಿದವಳು, ನೋಡು’ ಅಂದಾಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಅದರಿಂದ ಡಿಗ್ರಿಗೆ ಅವಮಾನವಾಗುವುದಿಲ್ಲ. ಆ ಭಾನುವಾರದಿಂದ ನಾನು ರಜೆ ಸಿಕ್ಕಾಗಲೆಲ್ಲ ಕಾಕಾನ ಗ್ಯಾರೇಜಿಗೆ ಹೋಗುತ್ತೇನೆ. ಮೊದಮೊದಲು ಅಲ್ಲಿನ ಹುಡುಗರು ನೋಡಿ ನಗುತ್ತಿದ್ದರು. ಈಗ ಸ್ಪ್ಯಾನರ್ ಕೈಗೆ ಕೊಡುತ್ತಾರೆ.

ಕೊಳ್ಳಲು ಹೊರಟ ಗೆಳೆಯರಿಗೆ ಇನ್ನೊಂದು ಮಾತು. ಲಕ್ಷ ರೂಪಾಯಿಯ ಗಾಡಿಗೆ ಐನೂರು, ಸಾವಿರ ಕೊಟ್ಟು ಮಿಸ್ತ್ರಿಯನ್ನು ಕರೆದೊಯ್ಯುವುದು ದುಬಾರಿಯಲ್ಲ. ಬೆಳಿಗ್ಗೆ ಹೋಗಿ. ಕಾಗದ ನೋಡುವ ಮೊದಲು ಒಂದು ರೂಪಾಯಿಯೂ ಕೊಡಬೇಡಿ. ಮಾರುವವನು ‘ಇನ್ನೊಬ್ಬರು ಸಂಜೆ ಬರ್ತಾರೆ’ ಎಂದು ಅವಸರ ಮಾಡಿದರೆ, ಅವರಿಗೇ ಕೊಡಿ ಎಂದು ನಮಸ್ಕಾರ ಹೇಳಿ ಬನ್ನಿ.

ಅಣ್ಣ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಆ ಕೆಂಪು ಕಾರನ್ನು ಆಮೇಲೆ ಯಾರೋ ಕೊಂಡರಂತೆ. ಅಣ್ಣನ ದುಡ್ಡು ಇನ್ನೂ ಬ್ಯಾಂಕಿನಲ್ಲಿದೆ, ಐದು ಸಾವಿರ ಕಡಿಮೆ. ಮೊನ್ನೆ ಇನ್ನೊಂದು ಕಾರಿನ ಫೋಟೊ ಕಳಿಸಿದ್ದ. ಕೆಳಗೆ ಬರೆದಿದ್ದ: ‘ರವಿವಾರ ಮುಂಜಾನೆ ಏಳಕ್ಕ. ಕಾಕಾನ್ನೂ ಕೇಳು. ಅಯಸ್ಕಾಂತ ಮರೀಬ್ಯಾಡ.’