ಬಲೆ ಹಂಚಿದರಾಯಿತೇ, ಎಣಿಸುವವರು ಯಾರು?

ಬ್ಯಾಡಗಿ ಮಾರುಕಟ್ಟೆಯಲ್ಲಿ ಟೆಂಡರ್ ಮುಗಿದ ಕೂಡಲೇ ಮೆಣಸಿನಕಾಯಿಯ ಧಾರಣೆ ಎಲ್ಲರಿಗೂ ತಿಳಿಯುತ್ತದೆ. ಅದೇ ಕಾಯಿ ಹೊಲದಲ್ಲಿದ್ದಾಗ ಯಾವ ಕೀಟ ಎಷ್ಟು ಎರಗುತ್ತಿದೆ ಎಂಬುದನ್ನು ಊರೂರಿಗೆ ತಿಳಿಸುವ ವ್ಯವಸ್ಥೆ ಮಾತ್ರ ನಮ್ಮಲ್ಲಿ ಬೇರೂರಿಲ್ಲ.

2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ ದೇಶದಲ್ಲೇ ಮೊದಲು ವರದಿಯಾದ 'ಥ್ರಿಪ್ಸ್ ಪಾರ್ವಿಸ್ಪೈನಸ್' ಎಂಬ ವಿದೇಶಿ ಕೀಟ, 2021ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಬೆಳೆಯನ್ನು ಹಾಳುಗೆಡವಿತು. ಹೂವಿನೊಳಗೆ ಅಡಗುವ ಇದು ರೈತನ ಗಮನಕ್ಕೆ ಬರುವುದು ಬಹುತೇಕ ಹೂ ಉದುರತೊಡಗಿದ ಮೇಲೆಯೇ. ಆಗ ಭಯದಿಂದ ಮಾಡುವ ಸಿಂಪಡಣೆ ತಡವೂ ಹೌದು, ವಿಪರೀತವೂ ಹೌದು.

ಮುನ್ಸೂಚನೆ ಕೊಡುವುದೇ ಅಂಟು ಬಲೆಯ ಕೆಲಸ. ನೀಲಿ ಹಾಳೆಗೆ ಥ್ರಿಪ್ಸ್, ಹಳದಿಗೆ ಬಿಳಿನೊಣ, ಸಸ್ಯಹೇನುಗಳು ಅಂಟುತ್ತವೆ. ಕಾಯಿಕೊರಕಕ್ಕೆ ಮೋಹಕ ಬಲೆ ಇದೆ; ಹೆಣ್ಣು ಪತಂಗದ ವಾಸನೆಯನ್ನು ಹೋಲುವ ರಾಸಾಯನಿಕಕ್ಕೆ ಮರುಳಾಗಿ ಗಂಡು ಬಂದು ಬೀಳುತ್ತದೆ. ಮೊಟ್ಟೆಯಿಡುವ ಹೆಣ್ಣು ಹೊರಗೇ ಉಳಿಯುವುದರಿಂದ, ಒಂದೆರಡು ಬಲೆ ಕಟ್ಟಿ ಹುಳುವಿನ ಕಾಟ ತಪ್ಪಿತೆಂದು ನಿಶ್ಚಿಂತರಾಗುವಂತಿಲ್ಲ. ಬಿದ್ದದ್ದನ್ನು ಎಣಿಸಿ, ಸಂಖ್ಯೆ ಏರಿದಾಗ ಗಿಡಗಳಲ್ಲಿ ಮೊಟ್ಟೆ, ಮರಿಹುಳುಗಳನ್ನು ಹುಡುಕಬೇಕು. ಎಣಿಸದ ಬಲೆ ಹೊಲಕ್ಕೆ ಕಟ್ಟಿದ ತೋರಣವಷ್ಟೇ.

ಸೇವೆಯಲ್ಲಿದ್ದಾಗ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಎಷ್ಟು ಬಲೆ ವಿತರಣೆಯಾಯಿತು, ಸಹಾಯಧನ ಎಷ್ಟು ವೆಚ್ಚವಾಯಿತು ಎಂದು ನಾನೂ ಕೇಳಿದ್ದೇನೆ. ಬಲೆಗೆ ಏನು ಬಿತ್ತು ಎಂದು ಒಮ್ಮೆಯೂ ಕೇಳಲಿಲ್ಲ.

ಎಣಿಕೆಯ ಶ್ರಮ ಒಬ್ಬನದು, ಲಾಭ ಸುತ್ತಲಿನ ಹತ್ತು ಹೊಲಗಳದು. ಇಂಥ ಕೆಲಸವನ್ನು ಯಾರೂ ತಾವಾಗಿ ಮಾಡುವುದಿಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಹೀಗೆ ತೆರವಾದ ಜಾಗಕ್ಕೆ ಔಷಧಿ ಅಂಗಡಿ ಬಂದು ಕೂತಿದೆ. ಅಲ್ಲಿ ಸಲಹೆ ಕೊಡುವವನೇ ಮಾರುವವನು, ಎಷ್ಟೋ ಸಲ ಉದ್ರಿ ಕೊಡುವವನೂ ಅವನೇ. 'ಈ ವಾರ ಸಿಂಪಡಣೆ ಬೇಡ' ಎಂಬ ಮಾತನ್ನು ಅವನಿಂದ ನಿರೀಕ್ಷಿಸುವುದು ಅವನಿಗೂ ಅನ್ಯಾಯವೇ!

ನಷ್ಟ ಔಷಧಿಯ ಬೆಲೆಗಷ್ಟೇ ನಿಲ್ಲುವುದಿಲ್ಲ. ಅನಗತ್ಯ ಸಿಂಪಡಣೆ ಮಿತ್ರಕೀಟಗಳನ್ನೂ ಕೊಲ್ಲುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಯ ಹಿರಿಮೆ ಖಾರದಲ್ಲಿಲ್ಲ, ಕಡುಗೆಂಪು ಬಣ್ಣದಲ್ಲಿದೆ. ಆ ಬಣ್ಣದ ಸಾರವನ್ನು ಕೊಳ್ಳುವ ವಿದೇಶಗಳು ಕೀಟನಾಶಕದ ಶೇಷಾಂಶವನ್ನು ಪರೀಕ್ಷಿಸುತ್ತವೆ. ಇನ್ನು ಧಾರಣೆಯ ಮಾತು. ಅದು ಕುಸಿದಾಗ ಏನಾಗುತ್ತದೆಂಬುದನ್ನು 2024ರ ಮಾರ್ಚ್ 11ರಂದು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಕಂಡಿದ್ದೇವೆ. ಆ ಧಾರಣೆಯ ಮೇಲೆ ಹಿಡಿತವಿಲ್ಲದ ಬೆಳೆಗಾರನಿಗೆ ಉಳಿದಿರುವ ದಾರಿ ಖರ್ಚು ತಗ್ಗಿಸಿಕೊಳ್ಳುವುದು.

ಹೋಬಳಿಗೆ ಕೆಲವು ಹೊಲಗಳನ್ನು ಗುರುತಿಸಿ, ಓದಿದ ಹಳ್ಳಿಯ ಯುವಜನರಿಗೆ ಗೌರವಧನ ಕೊಟ್ಟು ವಾರಕ್ಕೆರಡು ಬಾರಿ ಎಣಿಸಬಹುದು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರು ಆ ಅಂಕಿಗಳನ್ನು ನೋಡಿ ಸಿಂಪಡಣೆ ಬೇಕೋ ಬೇಡವೋ ಎಂದು ತಿಳಿಸಲಿ, ಅದು ಅಂದೇ ರೈತ ಸಂಪರ್ಕ ಕೇಂದ್ರದ ಫಲಕದ ಮೇಲೂ ರೈತರ ಮೊಬೈಲಿನಲ್ಲೂ ಕಾಣಲಿ. ಬಲೆಗಳಿಗೆ ಕೊಡುವ ಸಹಾಯಧನದಲ್ಲೇ ಒಂದು ಪಾಲನ್ನು ಈ ಎಣಿಕೆಗೆ ತೆಗೆದಿಡಲು ಸರ್ಕಾರಕ್ಕೆ ಇರುವ ಅಡ್ಡಿಯಾದರೂ ಏನು?