ಬಳ್ಳಿ ಎಣಿಸುವ ಮೊದಲು ಬದು ಅಳೆಯಿರಿ

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಹತ್ತಿಪ್ಪತ್ತು ಗುಂಟೆ ಕೊಂಡು ಶನಿವಾರ, ಭಾನುವಾರ ಬಂದು ಹೋಗುವವರಿದ್ದಾರಲ್ಲ, ಅವರಲ್ಲಿ ಕೆಲವರಿಗೆ ದ್ರಾಕ್ಷಿಯ ಆಸೆ. ತಪ್ಪೇನಿಲ್ಲ, ಬೆಂಗಳೂರು ಬ್ಲೂ ಬೆಳೆಯುವ ಸೀಮೆಯೇ ಅದು. ನನ್ನ ತಕರಾರು ಅವರು ಕೇಳುವ ಮೊದಲ ಪ್ರಶ್ನೆಯ ಬಗ್ಗೆ: "ಎಷ್ಟು ಗಿಡ ಹಿಡಿಸುತ್ತೆ?"

ಲೆಕ್ಕ ಸುಲಭ. ಗುಂಟೆಗೆ 1,089 ಚದರಡಿ. ಸಾಲಿಂದ ಸಾಲಿಗೆ 9 ಅಡಿ, ಗಿಡದಿಂದ ಗಿಡಕ್ಕೆ 5 ಅಡಿ ಅಂತ ಹಾಕಿದರೆ ಹತ್ತು ಗುಂಟೆಗೆ 242 ಬಳ್ಳಿ. ಕಾಗದದ ಮೇಲೆ ಬೇಲಿಯವರೆಗೂ ಚುಕ್ಕಿ ಇಟ್ಟಾಯಿತು. ಆದರೆ ಬೇಲಿಯ ಆಚೆ ಯಾರಿದ್ದಾರೆ?

ಈ ಸೀಮೆಯಲ್ಲಿ ಬಹಳ ಕಡೆ ಅಲ್ಲಿರುವುದು ಹಿಪ್ಪುನೇರಳೆ. ದ್ರಾಕ್ಷಿಗೆ ಔಷಧಿ ಹೊಡೆಯದೆ ಆಗುವುದಿಲ್ಲ. ಬೆಂಗಳೂರು ಬ್ಲೂ ಚಿಬ್ಬು ರೋಗವನ್ನು ತಡೆದುಕೊಂಡರೂ ದವಣಿಗೆ ಬಗ್ಗುತ್ತದೆ. ನುಸಿ, ಹಿಟ್ಟು ತಿಗಣೆ ಬಂದರಂತೂ ಕೀಟನಾಶಕವೇ. ಆ ಹನಿ ಗಾಳಿಗೆ ಹಾರಿ ಸೊಪ್ಪಿನ ಮೇಲೆ ಕೂತರೆ, ಅದನ್ನು ತಿಂದ ರೇಷ್ಮೆಹುಳು ಸಾಯುತ್ತದೆ. ನಿಮ್ಮದು ಹವ್ಯಾಸ, ಪಕ್ಕದ ಮನೆಯವರಿಗೆ ಅದೇ ಸಂಬಳ. ಹಾಗಾಗಿ ಅಳತೆ ಬೇಲಿಯಿಂದ ಒಳಕ್ಕೆ ಬರಬೇಕು ಅಂತ ನನ್ನ ವಾದ.

ಅದೇ ಹತ್ತು ಗುಂಟೆ, ಪೂರ್ವ-ಪಶ್ಚಿಮ 99 ಅಡಿ, ಉತ್ತರ-ದಕ್ಷಿಣ 110 ಅಡಿ ಅಂತಿಟ್ಟುಕೊಳ್ಳಿ. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ಹಿಪ್ಪುನೇರಳೆ ಪೂರ್ವಕ್ಕಿದೆ. ಆ ಬದಿಗೆ 15 ಅಡಿ, ಉಳಿದ ಮೂರೂ ಬದಿಗೆ 10 ಅಡಿ ಬಿಡಿ. ಸಾಲು ಉತ್ತರ-ದಕ್ಷಿಣಕ್ಕೆ ಇರಲಿ, ಬೆಳಿಗ್ಗೆ ಒಂದು ಮಗ್ಗುಲಿಗೆ, ಸಂಜೆ ಇನ್ನೊಂದಕ್ಕೆ ಬಿಸಿಲು ಸಿಗುತ್ತದೆ. (ಇಳಿಜಾರಿದ್ದರೆ ಇಳಿಜಾರಿಗೆ ಅಡ್ಡಲಾಗಿ ಹಾಕಿ, ಮಣ್ಣು ಮುಖ್ಯ.) ಸಾಲಿನ ನಡುವೆ 10 ಅಡಿ, ಗಿಡದ ನಡುವೆ 6 ಅಡಿ. ಎಂಟು ಸಾಲು, ಸಾಲಿಗೆ 16 ಗಿಡ, ಒಟ್ಟು 128.

242 ಎಲ್ಲಿ, 128 ಎಲ್ಲಿ ಅಂತ ಮುಖ ಸಣ್ಣದಾಗುತ್ತದೆ, ಗೊತ್ತು. ಬಳ್ಳಿಗೆ ಹತ್ತೇ ಕೆಜಿ ಅಂತ ಹಿಡಿದರೂ ಒಂದು ಬೆಳೆಗೆ 1,280 ಕೆಜಿ. ದ್ರಾಕ್ಷಿ ಕಿತ್ತ ಮೇಲೆ ಹಣ್ಣಾಗುವ ಜಾತಿಯಲ್ಲ, ಕಾಯಿಸಿಟ್ಟು ಮಾರುವಂತಿಲ್ಲ. ನೆಂಟರಿಗೆಲ್ಲ ಹಂಚಿದರೂ ಖಾಲಿಯಾಗುತ್ತದೆಯೇ?

ಫ್ರಾನ್ಸಿನ ಬರ್ಗಂಡಿಯಲ್ಲಿ ಮೀಟರಿಗೊಂದು ಬಳ್ಳಿ ನೆಡುತ್ತಾರೆ, ಹೆಕ್ಟೇರಿಗೆ ಹತ್ತು ಸಾವಿರದಷ್ಟು. ಅದನ್ನು ತೋರಿಸಿ ವಾದಿಸುವವರೂ ಉಂಟು. ಅಲ್ಲಿ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ. ನಮ್ಮಲ್ಲಿ ಮಲಗುವುದೇ ಇಲ್ಲ, ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುವುದು ಅದಕ್ಕೇ. ಡಾಗ್ರಿಜ್ ಬೇರಿನ ಮೇಲೆ ಕಸಿ ಮಾಡಿದ ಸಸಿಯಾದರೆ ಇನ್ನೂ ಜೋರು. ಹತ್ತಿರ ನೆಟ್ಟರೆ ಒಂದರ ನೆರಳು ಇನ್ನೊಂದಕ್ಕೆ. ಮುಂದಿನ ಫಸಲಿನ ಗೊಂಚಲು ಈಗಿನ ಕಡ್ಡಿಯ ಮೊಗ್ಗಿನೊಳಗೇ ತಯಾರಾಗುವುದು, ಅದಕ್ಕೆ ಬಿಸಿಲು ಬೇಕು. ನೆರಳಾದರೆ ಸೊಪ್ಪು ಸಿಗುತ್ತದೆ, ಹಣ್ಣು ಸಿಗುವುದಿಲ್ಲ. ತೇವ ಆರದೆ ದವಣಿ ಹೆಚ್ಚಿ, ಔಷಧಿಯೂ ಹೆಚ್ಚುತ್ತದೆ.

ಔಷಧಿ ಹೊಡೆಯುವುದು ಯಾರು ಎನ್ನುವುದನ್ನೂ ನಕ್ಷೆಯಲ್ಲಿ ಯಾರೂ ಬರೆಯುವುದಿಲ್ಲ. ಮಾಲೀಕರಂತೂ ಅಲ್ಲ, ಊರಿನ ಕೂಲಿಯವರು. ವೈ ಆಕಾರದ ಕಂಬದ ತೋಳುಗಳೇ ನಾಲ್ಕಡಿ ಚಾಚಿದರೆ 9 ಅಡಿ ಸಾಲಿನಲ್ಲಿ ಉಳಿಯುವುದು ಐದಡಿ. ಚಿಗುರು ಜೋತುಬಿದ್ದ ಮೇಲೆ ಅದೂ ಇಲ್ಲ. ಬೆನ್ನಿಗೆ ಕ್ಯಾನು ಹೊತ್ತವರು ತಾವೇ ಹೊಡೆದ ಮಂಜಿನೊಳಗೆ ನಡೆಯಬೇಕು. ಒಂದಡಿ ಜಾಸ್ತಿ ಕೊಡುವುದು ಅವರಿಗಾಗಿ. ಸಾಲಿನ ತುದಿಯ 10 ಅಡಿಯೂ ದಂಡವಲ್ಲ: ಕೊನೆಯ ಕಂಬವನ್ನು ಹಿಂದಕ್ಕೆ ಎಳೆದು ಕಟ್ಟುವ ತಂತಿಗೆ ನಾಲ್ಕೈದು ಅಡಿ ಬೇಕು, ಆಮೇಲೆ ತಿರುಗಾಡಲು ಜಾಗ. ಕಂಬ ನೆಟ್ಟು ತಂತಿ ಎಳೆದ ಮೇಲೆ ಸಾಲು ಸರಿಸಲಾಗದು.

15 ಅಡಿ ಬಿಟ್ಟ ಮಾತ್ರಕ್ಕೆ ಗಾಳಿ ನಿಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಪಟ್ಟಿಯಲ್ಲಿ ಗ್ಲಿರಿಸೀಡಿಯ ಒತ್ತಾಗಿ ಬೆಳೆಸಿ, ಗಾಳಿ ಇಲ್ಲದ ಹೊತ್ತಲ್ಲಿ ಹೊಡೆಸಿ. ಗುಂಡಿ ತೋಡಿಸುವ ಮೊದಲೇ ಪಕ್ಕದವರ ಫೋನ್ ನಂಬರ್ ತೆಗೆದುಕೊಳ್ಳಿ. ಅವರ ಹುಳು ನಾಲ್ಕನೇ ಜ್ವರ ಎದ್ದು ರಾಶಿ ಸೊಪ್ಪು ತಿನ್ನುವ ವಾರ ಯಾವುದು ಅಂತ ಪ್ರತಿ ಸಲ ಕೇಳಬೇಕಾಗುತ್ತದೆ.