ಆಳು ಹಲವು, ಕಣ ಒಂದೇ

ಜತ್ತ ತಾಲ್ಲೂಕಿನ ಹಿಂಗಾರಿ ಜೋಳದ ಹೊಲಕ್ಕೆ ಹತ್ತು ಆಳು ಇಳಿದರೆ ಕೊಯ್ಲು ಬೇಗ ಮುಗಿಯುತ್ತದೆ. ರಾಶಿ ಮಾತ್ರ ಒಂದೇ ಕಣದಲ್ಲಿ ಆಗಬೇಕು. ಬಹುಕೋರ್ ಗಣಕದಲ್ಲಿ ತಂತ್ರಾಂಶವನ್ನು ಕಂಪೈಲ್ ಮಾಡುವ ಕೆಲಸದ ಸ್ವರೂಪವೂ ಇದೇ.

ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ಇದರ ಗೊಡವೆ ಏಕೆ? ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರ ಎಲ್ಲಿಯಾದರೂ ತಪ್ಪಾಗಿ ಮೂಡಿದರೆ, ಮೂಲ ಸಂಕೇತವನ್ನು ಯಾರು ಬೇಕಾದರೂ ತಿದ್ದಬಹುದು. ತಿದ್ದಿದ್ದು ಸರಿಯೇ ಎಂದು ನೋಡಬೇಕಾದರೆ ಲಕ್ಷಾಂತರ ಸಾಲುಗಳು ಯಂತ್ರಭಾಷೆಗೆ ಇಳಿಯಬೇಕು. ಸಾಧಾರಣ ಗಣಕಕ್ಕೆ ಮೊದಲ ಸಲ ಗಂಟೆಗಳೇ ಹಿಡಿಯುತ್ತವೆ. ದೊಡ್ಡ ಯಂತ್ರ ಬಂದ ಮೇಲೆ ನೋಡಿದರಾಯಿತು ಎಂಬ ನೆಪ ಹುಟ್ಟುವುದು ಅಲ್ಲಿ. ಗಡಿನಾಡಿನ ಕಾಲೇಜಿಗೆ ಆ ಯಂತ್ರ ಬರುವವರೆಗೆ ಕನ್ನಡ ಕಾಯಬೇಕಾಗಿಲ್ಲ.

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ ‘ಮೇಕ್’ ಎಂಬ ಸಾಧನವು ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬ ಪಟ್ಟಿಯನ್ನು ಓದಿ, ಬದಲಾದುದಕ್ಕೆ ಸಂಬಂಧಿಸಿದ್ದನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುತ್ತದೆ. ಅದರ ಇಂದಿನ ರೂಪಗಳಿಗೆ ‘ಜೆ’ ಎಂಬ ಸೂಚನೆಯೊಡನೆ 4 ಎಂದು ಕೊಟ್ಟರೆ, ಒಂದನ್ನೊಂದು ಅವಲಂಬಿಸದ ನಾಲ್ಕು ಕಡತಗಳು ನಾಲ್ಕು ಕೋರ್‌ಗಳಲ್ಲಿ ಏಕಕಾಲಕ್ಕೆ ಸಿದ್ಧವಾಗುತ್ತವೆ. ಕೊಡದಿದ್ದರೆ ಮೇಕ್ ಒಂದೊಂದೇ ಕಡತವನ್ನು ಕೈಗೆತ್ತಿಕೊಳ್ಳುತ್ತದೆ. ಉಳಿದ ಮೂರು ಕೋರ್ ಬಹುಮಟ್ಟಿಗೆ ಬದುವಿನ ಮೇಲೆ ಕುಳಿತ ಆಳುಗಳಂತೆ.

ಎಲ್ಲ ಕಡತಗಳನ್ನು ಕೊನೆಗೆ ಒಂದುಗೂಡಿಸುವ ಲಿಂಕರ್‌ನ ಕೆಲಸವೇ ಕಣದ ರಾಶಿ. ಒಟ್ಟು 100 ನಿಮಿಷದ ಕೆಲಸದಲ್ಲಿ ಹಂಚಲಾಗದ ಭಾಗ 10 ನಿಮಿಷ ಎಂದಿಟ್ಟುಕೊಂಡರೆ, ನಾಲ್ಕು ಕೋರ್‌ಗಳಲ್ಲಿ ಅದು 32.5 ನಿಮಿಷಕ್ಕೂ ಹದಿನಾರರಲ್ಲಿ ಸುಮಾರು 15.6 ನಿಮಿಷಕ್ಕೂ ಇಳಿಯುತ್ತದೆ. ಸಾವಿರ ಕೋರ್ ತಂದರೂ 10ಕ್ಕಿಂತ ಕೆಳಗಿಳಿಯದು. 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದ ವಾದದ ತಿರುಳು ಇದು. ಮೊದಲ ನಾಲ್ಕು ಕೋರ್ ಉಳಿಸುವುದು 67.5 ನಿಮಿಷ, ಮುಂದಿನ ಹನ್ನೆರಡು ಕೂಡಿ ಉಳಿಸುವುದು ಸುಮಾರು 17 ನಿಮಿಷ. ಆ ಮೊದಲ ನಾಲ್ಕು ಇಂದು ಸಾಮಾನ್ಯ ಗಣಕದಲ್ಲಿಯೂ ಇರುತ್ತವೆ.

ಪದವೊಂದರ ವಿಚಾರವನ್ನೂ ಇಲ್ಲಿಯೇ ಎತ್ತಬಹುದು. ಕಂಪೈಲ್ ಮಾಡುವುದನ್ನು ‘ಸಂಕಲನ’ ಎನ್ನುವುದುಂಟು. ಕವನಗಳನ್ನು ಒಂದೆಡೆ ತರುವುದಕ್ಕೂ ಗಣಿತದಲ್ಲಿ ಕೂಡಿಸುವುದಕ್ಕೂ ಅದೇ ಪದ. ಕಂಪೈಲರ್ ಮಾಡುವುದಾದರೋ ಮುಖ್ಯವಾಗಿ ಅನುವಾದ. ಸಂಕಲನವೆಂಬ ಹೆಸರು ಲಿಂಕರ್‌ನ ಕೆಲಸಕ್ಕೇ ಹೆಚ್ಚು ಒಪ್ಪುತ್ತದೆ. ಇಂಥ ಪದಗಳನ್ನು ತೂಗಿ ನೋಡುವುದು ಕನ್ನಡ ವಿಭಾಗದ ಕೆಲಸವೇ ಹೊರತು ಗಣಕ ವಿಭಾಗದ್ದಷ್ಟೇ ಅಲ್ಲ.

ಏಕಕಾಲಕ್ಕೆ ನಡೆಯುವ ಪ್ರತಿಯೊಂದು ಕಂಪೈಲ್‌ಗೂ ರ್‍ಯಾಮ್‌ನಲ್ಲಿ ಜಾಗ ಬೇಕು. ಅದು ಸಾಲದಾದಾಗ ಗಣಕವು ಡಿಸ್ಕಿನ ಮೊರೆಹೋಗಿ, ನಾಲ್ಕು ಕೆಲಸ ಕೂಡಿ ಒಂದಕ್ಕಿಂತ ನಿಧಾನವಾಗುವುದೂ ಉಂಟು. ಪ್ರಯೋಗಾಲಯಕ್ಕೆ ಹಣ ಬಂದಾಗ ಹೊಸ ಗಣಕಕ್ಕಿಂತ ಮೊದಲು ಹಳೆಯದಕ್ಕೆ ರ್‍ಯಾಮ್ ಕೊಳ್ಳುವುದು ಲೇಸು.